ಐದು ದಾರಿ, ಒಂದು ಸೇತುವೆ

ನನ್ನ ಭಾವ ಸಿಟ್ಸೆ ದಾರಿ ಹುಡುಕುವುದರಲ್ಲಿ ಪಂಡಿತ. ಎಲ್ಲಿಂದ ಎಲ್ಲಿಗೆ ಎಂದರೆ ಸಾಕು, ಅವನು ಬರೆದ ಕಂಪ್ಯೂಟರ್ ಪ್ರೋಗ್ರಾಮು ಎಲ್ಲಕ್ಕಿಂತ ಹತ್ತಿರದ ದಾರಿ, ಅದರ ನಂತರದ್ದು, ಅದರ ನಂತರದ್ದು ಎಂದು ಐದನ್ನು ದರ್ಜೆಯ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಕಾಲುವೆಗಳ ನಾಡಾದ ಫ್ರೀಸ್‌ಲ್ಯಾಂಡಿನ ನಮ್ಮ ಕಡೆಯ ಸೂಲಗಿತ್ತಿಯರು ಅದನ್ನು ನಂಬಿಯೇ ಸೈಕಲ್ ತುಳಿಯುತ್ತಾರೆ. ಹಾಗಾಗಿ ತಾನಿಲ್ಲದಿದ್ದರೆ ಈ ನಾಡಿನಲ್ಲಿ ಮಕ್ಕಳೇ ಹುಟ್ಟುವುದಿಲ್ಲ ಎಂಬುದು ಭಾವನ ವಿನಮ್ರ ಅಭಿಪ್ರಾಯ.

ಐದೂ ಒಂದೇ ಥರ ಕಾಣುತ್ತವಲ್ಲ ಎಂದು ನಾನೊಮ್ಮೆ ಕೇಳಿದ್ದೆ. ಒಂದು ಬೀದಿ ಬೇರೆಯಾದರೂ ದಾರಿ ಬೇರೆಯೇ, ಅದು ಶಾಸ್ತ್ರ ಎಂದು ಸಣ್ಣ ಮಗುವಿಗೆ ಹೇಳುವಂತೆ ಹೇಳಿದ್ದ. ಅಜ್ಜಿಯ ಕಥೆಗಳಲ್ಲಿ ದಾರಿ ಕವಲೊಡೆದರೆ ಒಂದರಲ್ಲಿ ತೋಳ, ಇನ್ನೊಂದರಲ್ಲಿ ನಿಧಿ ಇರುತ್ತಿತ್ತು. ಪಾಪ, ಅಜ್ಜಿ ಶಾಸ್ತ್ರ ಓದಿರಲಿಲ್ಲ.

ಜುಲೈ ತಿಂಗಳ ಒಂದು ಬೆಳಗ್ಗೆ ಅಕ್ಕ ಹಿಸ್ಕೆಗೆ ನೋವು ಶುರುವಾಯಿತು. ಮನೆಯಲ್ಲಿದ್ದದ್ದು ನಾನು ಮತ್ತು ಭಾವ. ಹೆರಿಗೆಯ ವಿಷಯದಲ್ಲಿ ಇಬ್ಬರೂ ಸಮಾನ ದಡ್ಡರು. ಫೋನು ಮಾಡಿದಾಗ ಸೂಲಗಿತ್ತಿ ಡ್ಯೂಕೆ ಹೊರಟಿದ್ದೇನೆ ಎಂದಳು. ಸ್ವಲ್ಪ ಹೊತ್ತಿಗೆ ಅವಳದೇ ಫೋನು: ದೋಣಿಗಳನ್ನು ಬಿಡಲು ಕಾಲುವೆಯ ಸೇತುವೆ ಎತ್ತಿದ್ದಾರೆ, ರಜೆಯ ಹಾಯಿದೋಣಿಗಳು ಸಾಲುಗಟ್ಟಿವೆ, ಸೇತುವೆಯವನು ಗಾಳದ ಕೋಲಿಗೆ ಮರದ ಚಪ್ಪಲಿ ಕಟ್ಟಿ ಒಂದೊಂದೇ ದೋಣಿಯವರ ಮುಂದೆ ಇಳಿಬಿಟ್ಟು ಅದರೊಳಗೆ ಸುಂಕ ಹಾಕಿಸಿಕೊಳ್ಳುತ್ತಿದ್ದಾನೆ, ಅವನಿಗೇನೂ ಅವಸರವಿಲ್ಲ.

"ಎರಡನೇ ದಾರಿ ತಗೋ," ಎಂದ ಭಾವ, ಬಹಳ ಶಾಂತವಾಗಿ. "ಹೆಚ್ಚುಕಮ್ಮಿ ಅಷ್ಟೇ ದೂರ."

ಅಕ್ಕ ಮಂಚದ ಕಂಬಿಯನ್ನು ಕಿತ್ತು ಬರುವಂತೆ ಹಿಡಿದಿದ್ದಳು. ಮತ್ತೆ ಫೋನು ಬಂತು.

"ಸಿಟ್ಸೆ, ಚರ್ಚಿಗೊಂದು ಪ್ರದಕ್ಷಿಣೆ ಹಾಕಿ ಅದೇ ಸೇತುವೆ ಮುಂದೆ ನಿಂತಿದೀನಿ ಕಣಪ್ಪ."

ಮೂರನೆಯದು ಚರ್ಚಿನ ಎಡಕ್ಕೆ, ನಾಲ್ಕನೆಯದು ಬೇಕರಿಯ ಹಿಂದೆ, ಐದನೆಯದು ಬೇಕರಿಯ ಮುಂದೆ. ಎಲ್ಲ ಅಪ್ಪಟ ಬೇರೆ ದಾರಿಗಳು, ಎಲ್ಲವೂ ಕೊನೆಗೆ ಆ ಸೇತುವೆಯನ್ನೇ ದಾಟುವಂಥವು. ಊರಾಚೆ ಇನ್ನೊಂದು ಸೇತುವೆಯೇನೋ ಇದೆ. ಆದರೆ ಅದರ ದಾರಿ ದರ್ಜೆಯಲ್ಲಿ ಎಷ್ಟೋ ಕೆಳಗಿನದು, ಅಂಥ ಬಡಪಾಯಿಯನ್ನು ಭಾವನ ಐವರ ಸಾಲು ಹತ್ತಿರ ಸೇರಿಸುವುದಿಲ್ಲ. ಈಗ ಸುತ್ತಿ ಬರುವಷ್ಟು ಹೊತ್ತೂ ಇರಲಿಲ್ಲ. ನನಗೆ ಮಗುವಿನ ತಲೆ ಕಾಣುತ್ತಿತ್ತು.

ಭಾವ ಬೆವರುತ್ತ ಆರನೆಯದನ್ನು ಲೆಕ್ಕ ಹಾಕಲು ಕೂತ. ಅಕ್ಕ ಕೈಚಾಚಿ ಅವನಿಂದ ಫೋನು ಕಸಿದುಕೊಂಡಳು.

"ಡ್ಯೂಕೆ, ಇವನ ಮಾತು ಬಿಡು. ಸೈಕಲ್ ಅಲ್ಲೇ ಬಿಸಾಕು. ಯಾವುದಾದ್ರೂ ದೋಣಿಯವನಿಗೆ ಹೇಳಿ ಈಚೆ ದಡಕ್ಕೆ ಹಾರ್ಕೋ."

ಸ್ವಲ್ಪ ಹೊತ್ತಿಗೆ ಡ್ಯೂಕೆ ಮೊಣಕಾಲವರೆಗೆ ಒದ್ದೆಯಾಗಿ ಬಂದು, ಕೈ ತೊಳೆದು, ಮಗುವಿನ ಕತ್ತಿಗೆ ಸುತ್ತಿದ್ದ ಹೊಕ್ಕುಳ ಬಳ್ಳಿಯನ್ನು ಬೆರಳಿನಿಂದ ಬಿಡಿಸಿದಳು. ಅದು ನನಗಾಗಲಿ ಭಾವನಿಗಾಗಲಿ ಆಗುವ ಕೆಲಸವಾಗಿರಲಿಲ್ಲ. ಹುಟ್ಟಿದ್ದು ಹುಡುಗಿ. ಅವಳು ಅತ್ತಳು. ನಾವೂ ಅತ್ತೆವು.

ಕೊಂಚ ಸುಧಾರಿಸಿಕೊಂಡ ಮೇಲೆ ಭಾವ, ನಿಜ ಹೇಳಬೇಕೆಂದರೆ ಐದೂ ದಾರಿ ಸರಿಯಾಗಿಯೇ ಇದ್ದವು, ತೊಂದರೆ ಇದ್ದದ್ದು ಸೇತುವೆಯಲ್ಲಿ ಎಂದು ವಿವರಿಸತೊಡಗಿದ. ಅಕ್ಕ ಮಗುವನ್ನು ಅವನ ಎದೆಗೆ ಒರಗಿಸಿದಳು.

"ಇವಳಿಗಿದ್ದದ್ದು ಒಂದೇ ದಾರಿ, ಸಿಟ್ಸೆ. ಯಾರನ್ನೂ ಕೇಳದೆ ಬಂದ್ಳು ನೋಡು."