ಬಿಸಿಲು ತಿರುಗಿಸಿದ ದಿನ

ಬಲಗೈ ಅಂಗಿಯ ತೋಳಿನೊಳಗೆ ಹೋಗಲೊಲ್ಲದು. ಮಗಳು ಸತ್ತ ಅಪ್ಪನ ಸೆಟೆದ ಮೊಣಕೈ ಹಿಡಿದು ಇನ್ನೊಮ್ಮೆ ಬಗ್ಗಿಸಲು ನೋಡಿದಳು.

"ಜೋರು ಮಾಡಬೇಡಮ್ಮ," ಅಂದಳು ಊರಿನ ಬೇಕರಿಯಾಕೆ, ಕತ್ತರಿ ಎತ್ತಿಕೊಂಡು. "ಬೆನ್ನ ಕಡೆ ಸೀಳಿಬಿಡ್ತೀನಿ. ಮುಂದಿನಿಂದ ಯಾರಿಗೆ ಗೊತ್ತಾಗತ್ತೆ?"

ಒಂದೇ ಕೋಣೆಯ ಮನೆ. ಮಂಚ, ಒಲೆ, ಒಂದು ಕುರ್ಚಿ. ಎರಡನೆಯದು ಇಲ್ಲದ್ದರಿಂದ ಬೇಕರಿಯಾಕೆ ಬೆಳಗಿನಿಂದ ನಿಂತೇ ಇದ್ದಳು. ಕಿಟಕಿಯಾಚೆ ಉಸಿರಾಡಲು ಗಾಳಿಯಿಲ್ಲದ ಕೆಂಪು ಬಯಲು. ಬಯಲಿನ ತುಂಬ ಆಳೆತ್ತರದ ಕನ್ನಡಿಗಳು. ಅಜ್ಜಂದಿರ ಕಾಲದಲ್ಲಿ ಭೂಮಿ ಬಿಟ್ಟು ಬಂದವರು ಕಟ್ಟಿಕೊಂಡ ಊರು ಇದು. ಕನ್ನಡಿಗಳು ಬಿಸಿಲನ್ನೆಲ್ಲ ಒಟ್ಟುಗೂಡಿಸಿ ನಡುವಿನ ಗೋಪುರಕ್ಕೆ ಹಾಯಿಸಿದರೆ ಮನೆಗಳಿಗೆ ಶಾಖ, ನಲ್ಲಿಗೆ ನೀರು. ಸತ್ತವನು ಪ್ರಾಯದಿಂದಲೂ ಅವುಗಳನ್ನು ನೋಡಿಕೊಂಡವನು. ಊರಿಗೆಲ್ಲ ಕನ್ನಡಿ ಮಾವ.

ಬಾಗಿಲು ತಟ್ಟಿ ಊರಿನ ಯಜಮಾನರು ಒಳಗೆ ಬಂದರು. ಅವರ ಹಿಂದೆ ಕುಳ್ಳ, ಕನ್ನಡಿ ಮಾವನ ಜೊತೆ ಕೆಲಸ ಮಾಡುತ್ತಿದ್ದವನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ ಬೆಳೆದದ್ದಕ್ಕೆ ಊರು ಅವನಿಗೆ ಆ ಹೆಸರು ಇಟ್ಟಿತ್ತು.

"ಒಂದು ಮಾತು, ತಪ್ಪು ತಿಳ್ಕೋಬೇಡಮ್ಮ," ಅಂದರು ಯಜಮಾನರು. "ನೆಲ ಹೆಪ್ಪುಗಟ್ಟಿ ಕಲ್ಲಾಗಿದೆ. ಗುಂಡಿ ತೆಗೀಬೇಕಂದ್ರೆ ಕನ್ನಡಿ ತಿರುಗಿಸಿ ಅಲ್ಲಿಗೆ ಬಿಸಿಲು ಬಿಡಬೇಕು. ಇದು ಧೂಳಿನ ಕಾಲ ಬೇರೆ, ಬರೋ ಬಿಸಿಲೇ ಅರೆಬರೆ. ತಿರುಗಿಸಿದ್ರೆ ಮೇಲಿನ ಎರಡು ಬೀದಿಗೆ ನಾಳೆ ತನಕ ಶಾಖ ಇರಲ್ಲ."

"ಅಂದ್ರೆ?"

"ಧೂಳು ಇಳಿಯೋ ತನಕ ಉಗ್ರಾಣದಲ್ಲಿ ಇಡೋಣ ಅಂತ. ನಿಮ್ಮ ತಾಯೀನ ಇಟ್ಟ ಹಾಗೆ."

ಕುಳ್ಳ ನೆಲ ನೋಡಿದ. ಬೇಕರಿಯಾಕೆಯ ಕತ್ತರಿ ನಿಂತಿತು.

*

ಅಮ್ಮ ಸತ್ತಾಗ ಮಗಳಿಗೆ ಹನ್ನೊಂದು ವರ್ಷ. ಆ ಸಲ ಧೂಳು ಹಗಲನ್ನೇ ನುಂಗಿತ್ತು. ಇದೇ ಯಜಮಾನರು, ಆಗಿನ್ನೂ ತಲೆ ತುಂಬ ಕಪ್ಪು ಕೂದಲು, ಮನೆಗೆ ಬಂದು "ನೀನು ಹೇಳಿದ ಹಾಗೆ ಮಾಡೋಣಪ್ಪ" ಅಂದಿದ್ದರು.

ಅಪ್ಪ ಅಮ್ಮನ ಮೇಲಿನ ಕಂಬಳಿ ಸರಿಮಾಡಿದ. ಆಮೇಲೆ, "ಅವಳಿಗಿನ್ನು ಚಳಿಯಾಗಲ್ಲ. ಬೀದಿಯಲ್ಲಿ ಎಳೆ ಕೂಸುಗಳಿವೆ. ಬಿಸಿಲು ಮನೆಗಳಿಗೇ ಹೋಗಲಿ" ಅಂದ.

ಅಮ್ಮನನ್ನು ಉಗ್ರಾಣದಲ್ಲಿ, ಹಿಟ್ಟಿನ ಮೂಟೆಗಳ ಹಿಂದೆ ಮಲಗಿಸಿದರು. ಸ್ಕೂಲು ಬಿಟ್ಟ ಮೇಲೆ ಮಗಳು ಅದರ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಹಿಟ್ಟು ಒಯ್ಯಲು ಬಂದವರು "ಸ್ವಲ್ಪ ಸರಿಯಮ್ಮ" ಅನ್ನುತ್ತಿದ್ದರು. ಅವಳು ಸರಿಯುತ್ತಿದ್ದಳು.

ಕೊನೆಗೂ ಧೂಳು ಇಳಿಯಿತು, ಅಮ್ಮ ಮಣ್ಣಾದಳು. ಅಪ್ಪ ದೇವರಂಥವನು ಎಂದು ಊರು ಕೊಂಡಾಡಿತು. ಮಗಳು ಮಾತ್ರ ಅವನ ಜೊತೆ ಮಾತು ಕಡಿಮೆ ಮಾಡುತ್ತ ಹೋದಳು. ದೊಡ್ಡವಳಾದ ಮೇಲೆ ದೂರದ ಗಣಿ ಊರಿಗೆ ಟೀಚರಾಗಿ ಹೊರಟುಹೋದಳು. ಫೋನಿನಲ್ಲಿ ಅಪ್ಪ "ಊಟ ಆಯ್ತಾ?" ಅನ್ನುತ್ತಿದ್ದ. "ಆಯ್ತು" ಅನ್ನುತ್ತಿದ್ದಳು. ಆಮೇಲೆ ಇಬ್ಬರೂ ಫೋನ್ ಇಡುತ್ತಿದ್ದರು. ಊರಿಗೆ ಊರೇ ಅವನ ಜೊತೆಗಿರುವಾಗ ತಾನೊಬ್ಬಳು ಇಲ್ಲದಿದ್ದರೆ ಅವನಿಗೇನು ಕೊರತೆ ಎಂದುಕೊಂಡಿದ್ದಳು.

*

"ಇಲ್ಲಿಗೆ ಯಾರಾದ್ರೂ ಬರ್ತಿದ್ರಾ?" ಮಗಳು ಆ ಒಂಟಿ ಕುರ್ಚಿ ನೋಡುತ್ತ ಕೇಳಿದಳು.

ಯಜಮಾನರು ಕೆಮ್ಮಿದರು. ಬೇಕರಿಯಾಕೆ ಕತ್ತರಿ ಕೆಳಗಿಟ್ಟಳು.

"ಸುಳ್ಳು ಯಾಕೆ ಹೇಳ್ಲಿ. ಆ ವರ್ಷದ ಎಳೆ ಕೂಸುಗಳಲ್ಲಿ ನನ್ನ ಮಗನೂ ಒಬ್ಬ. ನಿಮ್ಮಪ್ಪ ಎದುರಿಗೆ ಬಂದ್ರೆ ನಾನು ಅಂಗಡಿ ಒಳಗೆ ಸರಿದುಬಿಡ್ತಿದ್ದೆ. ಏನಂತ ಮಾತಾಡ್ಸೋದು ಹೇಳು? ನಿಮ್ಮ ಹೆಂಡ್ತಿ ಉಗ್ರಾಣದಲ್ಲಿದ್ರು, ನಾವು ಬೆಚ್ಚಗಿದ್ವಿ, ಇವತ್ತು ಬ್ರೆಡ್ ಎಷ್ಟು ಕೊಡ್ಲಿ ಅಂತಾನಾ? ನಾನೊಬ್ಬಳೇ ಅಲ್ಲ, ಎಲ್ರೂ ಹಾಗೇ. ಮದುವೆಗೆ ಕರೆಯೋಕೂ ಸಂಕೋಚ. ಬರ್ತಾ ಬರ್ತಾ ಅವರೂ ಬೀದಿ ಕಡೆ ಬರೋದು ಬಿಟ್ರು."

"ನನ್ನ ಹತ್ರಾನೂ ಕೆಲಸದ ಮಾತು ಬಿಟ್ರೆ ಬೇರೆ ಇಲ್ಲ," ಅಂದ ಕುಳ್ಳ. "ಎದೆನೋವು ಅಂತ ಕೂಡ ಒಂದಿನ ಹೇಳ್ಲಿಲ್ಲ. ನಿನ್ನೆ ಬರಲಿಲ್ವಲ್ಲ ಅಂತ ಬಂದು ನೋಡಿದ್ರೆ, ಹೀಗೆ."

ಮಗಳು ಅಪ್ಪನ ಎದೆಯ ಮೇಲಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಅಷ್ಟು ಫೋನುಗಳೂ ಯಾರೂ ಬಾರದ ಈ ಕೋಣೆಯಿಂದಲೇ ಬಂದಿದ್ದವು.

"ಕನ್ನಡಿ ತಿರುಗಿಸಿ," ಅಂದಳು.

"ಮೇಲಿನ ಬೀದಿಯಲ್ಲಿ ಹಸಿ ಬಾಣಂತಿ ಇದ್ದಾಳಮ್ಮ. ನಿಮ್ಮಪ್ಪನೇ ಇದ್ದಿದ್ರೆ..."

"ಅಪ್ಪ ಬೇಡ ಅಂತಿದ್ರು, ಗೊತ್ತು. ನಾನು ಅಪ್ಪ ಅಲ್ಲ. ನಂಗೆ ಇವತ್ತೇ ಆಗಬೇಕು."

ಆ ಧ್ವನಿ ಅವಳಿಗೇ ಒರಟೆನಿಸಿತು. ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ.

"ಬಾಣಂತೀನೂ ಮಗೂನೂ ನನ್ನ ಒಲೆ ಹತ್ರ ಮಲಗಿಸ್ಕೋತೀನಿ," ಅಂದಳು ಬೇಕರಿಯಾಕೆ. "ಮಿಕ್ಕವರು ಕಂಬಳಿ ಹೊದ್ಕೊಳ್ಳಲಿ."

*

ಬಯಲಿಗೆ ಹೋಗುವ ದಿರಿಸು ಊರಲ್ಲಿದ್ದದ್ದು ಕೆಲವೇ. ದೇಹವನ್ನು ಗಾಡಿಯಲ್ಲಿಟ್ಟು ಮಗಳು, ಯಜಮಾನರು, ಕುಳ್ಳ, ಇನ್ನಿಬ್ಬರು ಹೊರಟರು. ಕುಳ್ಳ ಕನ್ನಡಿಗಳನ್ನು ಒಂದೊಂದಾಗಿ ಹೊರಳಿಸಿದ. ಗೋಪುರದ ತಲೆಯ ಮೇಲಿನ ಬೆಳಕು ಮಂಕಾಯಿತು. ಅಮ್ಮನ ಸಮಾಧಿಯ ಪಕ್ಕದ ನೆಲ ನೋಡಲಾಗದಷ್ಟು ಬೆಳಗಿತು.

"ಅತ್ತ ನೋಡಬೇಡಕ್ಕ, ಕಣ್ಣು ಹೋಗತ್ತೆ," ಅಂದ ಕುಳ್ಳ, ಅವಳ ದಿರಿಸಿನ ರೇಡಿಯೋದಲ್ಲಿ.

ನೆಲದಿಂದ ಬಿಳಿಯ ಹಬೆ ಎದ್ದಿತು. ಬಹಳ ಹೊತ್ತಿನ ಮೇಲೆ ಬೆಳಕು ಸರಿಸಿದಾಗ ಮಣ್ಣು ಒದ್ದೆಯಾಗಿ ಕಪ್ಪಗಿತ್ತು. ಅದು ಮತ್ತೆ ಗಟ್ಟಿಯಾಗುವ ಮೊದಲೇ ಎಲ್ಲರೂ ಸಲಿಕೆ ಹಿಡಿದರು. ಅಪ್ಪನನ್ನು ಇಳಿಸಿದರು. ಮೊದಲ ಹಿಡಿ ಮಣ್ಣು ಮಗಳು ಹಾಕಿದಳು; ದಪ್ಪ ಕೈಗವಸಿನೊಳಗೆ ಅದರ ಬಿಸಿ ಅವಳಿಗೆ ತಿಳಿಯಲಿಲ್ಲ.

"ಎರಡೂ ಬೀದಿಯವರು ಸ್ಕೂಲಿನ ಹಾಲ್‌ಗೆ ಹೋಗಿ, ಅಲ್ಲಿ ಬೆಚ್ಚಗಿದೆ ಅಂತ ಹೇಳಿಸಿದ್ದೆ," ಅಂದರು ಯಜಮಾನರು. "ಯಾರೂ ಹೋಗಿಲ್ಲವಂತೆ."

ಮಗಳು ತಿರುಗಿ ನೋಡಿದಳು. ಶಾಖವಿಲ್ಲದ ಮನೆಗಳ ಕಿಟಕಿಗಳು ಒಳಗಿನಿಂದ ಮಂಜುಗಟ್ಟಿ ಬೆಳ್ಳಗಾಗಿದ್ದವು. ಮೇಲಿನ ಬೀದಿಯ ಒಂದು ಗಾಜಿನ ಮೇಲೆ ಯಾರದೋ ಅಂಗೈ ಆಡಿತು. ಅಂಗೈ ಅಗಲದ ಜಾಗ ತಿಳಿಯಾಗಿ ಅಲ್ಲೊಂದು ಮುಖ ಕಂಡಿತು, ತಲೆಯ ಮೇಲೆ ಕಂಬಳಿ. ಪಕ್ಕದ ಗಾಜಿನಲ್ಲಿ ಇನ್ನೊಂದು. ಆಮೇಲೆ ಸಾಲಿನುದ್ದಕ್ಕೂ. ಅವರ ಉಸಿರಿಗೆ ಗಾಜು ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು, ಅವರು ಮತ್ತೆ ಮತ್ತೆ ಉಜ್ಜುತ್ತಿದ್ದರು.