ಶಿವಗಂಗಾಳ ಅಳತೆ

“ನಲ್ಲಿ ಇನ್ನೂ ಕೆಳಗ ಬರ್ಲಿ! ಕೂಸು ತಾನ ಕೈ ತೊಳಕೋಬೇಕು, ತಿಳೀತೇನ್ರಿ?”

ಮೂಗಿನಿಂದ ಹೊರಟ ಆ ದನಿಗೆ ಸಿಮೆಂಟು ಕಲಸುತ್ತಿದ್ದ ಬಂಡೆಮ್ಮ ಗಡಬಡಿಸಿ ಸೆರಗು ಸರಿಮಾಡಿಕೊಂಡಳು. ತಿರುಗಿದರೆ ರಶ್ಮಿ ಮೇಡಂ ಎಲ್ಲಿ? ಇಲ್ಲದ ಕನ್ನಡಕವನ್ನು ಮೂಗಿನ ಮೇಲೇರಿಸುತ್ತ ನಿಂತವನು ಟೈಲ್ಸ್ ಮೇಸ್ತ್ರಿ ಹುಸೇನಪ್ಪ.

“ನಿನ್ನ ಬಾಯಾಗ ಮಣ್ಣ ಹಾಕ, ಯಣ್ಣಾ! ಜೀವಾನ ಹೋದಂಗಾಗಿತ್ತು.”

ಕೊಂಡಾಪುರದ ಆ ಅಪಾರ್ಟ್‌ಮೆಂಟಿನಲ್ಲಿ ಹುಸೇನಪ್ಪನ ಗಂಟಲಿಗೆ ಸಿಗದವರೇ ಇರಲಿಲ್ಲ. ತೆಲುಗು ಇಂಜಿನಿಯರು, ದಖ್ಖನಿ ವಾಚ್‌ಮನ್, ಕಿರುಗುಟ್ಟುವ ಲಿಫ್ಟು ಕೂಡ ಆ ಗಂಟಲಲ್ಲೇ ವಾಸ. ಈಚೆಗೆ ಸೇರಿಕೊಂಡವಳು ರಶ್ಮಿ. ಮುಗಿದ ಟವರಿನ ಕೆಳಮಹಡಿಯಲ್ಲಿ ಅವಳು ಮಕ್ಕಳ ಕೋಣೆ ಮಾಡಿಸುತ್ತಿದ್ದಳು. ಫ್ಲ್ಯಾಟ್ ಕೊಂಡವರು ಆಫೀಸಿಗೆ ಹೋಗುವಾಗ ಮಕ್ಕಳನ್ನು ಬಿಟ್ಟುಹೋಗಲು. ಕೊಂಡವರು ಇನ್ನೂ ಬಂದಿರಲಿಲ್ಲವಾಗಿ ಅಳತೆಗೆ ಮಕ್ಕಳಿರಲಿಲ್ಲ. ಬಂಡೆಮ್ಮನ ಮಗಳು ಶಿವಗಂಗಾ ಇದ್ದಳು.

ಪಕ್ಕದ ಟವರಿನ್ನೂ ಏಳುತ್ತಿತ್ತು. ಅಲ್ಲಿ ಅವ್ವ ಬುಟ್ಟಿ ಹೊರುವಷ್ಟು ಹೊತ್ತೂ ಹುಡುಗಿ ಕಂಬಕ್ಕೆ ಕಟ್ಟಿದ ಹಳೆ ಸೀರೆಯ ತುದಿಯಲ್ಲಿ. ಒಮ್ಮೆ ಗಂಟು ಬಿಚ್ಚಿಹೋಗಿ ಲಿಫ್ಟಿನ ಗುಂಡಿಯ ಅಂಚಿನವರೆಗೆ ಹೋಗಿದ್ದಳು. ಅಳತೆಗೆಂದು ರಶ್ಮಿ ಅವಳನ್ನು ಕರೆದು ಕೋಣೆಯ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಹಿಮ್ಮಡಿ ಕೂಡಿಸಿ, ಗದ್ದ ಎತ್ತಿ, ನೆತ್ತಿಯ ಮೇಲೆ ಪೆನ್ಸಿಲ್. ಕೈ ನಿಲುಕುವಲ್ಲಿ ನಲ್ಲಿ, ಕಣ್ಣಿನ ಮಟ್ಟಕ್ಕೆ ಕಿಟಕಿ. ಪ್ರತಿ ಗೆರೆಗೊಂದು ಚಾಕಲೇಟು.

“ಈ ಕ್ವಾಣಿ ಯಾರಿಗಣ್ಣ?” ಬಂಡೆಮ್ಮ ಕೇಳಿದಳು.

ಹುಸೇನಪ್ಪನ ನಾಲಗೆ ತುರಿಸಿತು. ಕನ್ನಡಕ ಏರಿತು, ಮೂಗು ಕಟ್ಟಿತು. “ಕೂಲಿ ಮಂದಿ ಮಕ್ಕಳಿಗೇ ಅಲ್ಲೇನ್ರಿ ಮತ್ತ! ಮಧ್ಯಾಹ್ನ ಹಾಲು, ಮಲಗಾಕ ಮೆತ್ತನ್ನ ಗಾದಿ!”

ಸುತ್ತಲಿದ್ದವರೆಲ್ಲ ನಕ್ಕರು. ಬಂಡೆಮ್ಮನೂ ನಕ್ಕಳು. ಅವಳ ನಗು ಬೇರೆಯದೆಂದು ಅವನಿಗೆ ಹೊಳೆಯಲಿಲ್ಲ.

ಹೊಳೆದದ್ದು, ಸೇಡಂ ಕಡೆಯಿಂದ ಅವಳ ಅತ್ತೆ ಶಂಕ್ರಮ್ಮ ಮೊಮ್ಮಗಳನ್ನು ಕರೆದೊಯ್ಯಲು ಬಂದ ದಿನ.

“ಬ್ಯಾಡತ್ತಿ,” ಅಂದಳು ಬಂಡೆಮ್ಮ. “ಅಕಿಗಿ ಕ್ವಾಣಿ ಆಗಾಕತ್ತೈತಿ. ಕಿಟಕ್ಯಾಗಿಂದ ನಾ ಕಾಣ್ತೀನಿ.”

“ಸಾವ್ಕಾರ್ರು ನಿನ್ನ ಮಗಳಿಗಿ ಕ್ವಾಣಿ ಕಟ್ತಾರೇನ, ಹುಚ್ಚಿ?”

“ಅಳತಿ ತಗೊಂಡಾರಲ್ಲ! ನನ್ನ ಅಳತಿ ತಗೊಂಡು ಕುಬಸ ಬ್ಯಾರೇದೋರಿಗಿ ಹೊಲೀತಾರೇನು?”

“ನೋಡವ್ವ, ನಾ ಪುಣೆಕ ಮಗಳ ಬಾಣಂತನಕ್ಕ ಹೊಂಟೀನಿ, ಕಳಿಸಿದ್ರ ಇಕಿನ್ನೂ ಒಯ್ತೀನಿ. ಊರ ಮನಿಗಿ ಕೀಲಿ ಹಾಕ್ತೀನಿ. ಆಮ್ಯಾಲ ಅತ್ತಿ ಬಾ ಅಂದ್ರ ನಾ ಬರಾಂಗಿಲ್ಲ.”

ಹುಸೇನಪ್ಪ ಅಲ್ಲೇ ಟೈಲ್ಸಿನ ಸಂದು ತುಂಬುತ್ತಿದ್ದ. ಊರವರ ದನಿಯೆಲ್ಲ ಹೊರಡುತ್ತಿದ್ದ ಗಂಟಲಿನಿಂದ ಅವನದೇ ದನಿ ಹೊರಡಲಿಲ್ಲ. ಸಂಜೆ ಹೇಳಿದರಾಯಿತು ಅಂದುಕೊಂಡ. ಶಂಕ್ರಮ್ಮನ ಆಟೊ ಹೋಯಿತು. ಸಂಜೆಯೂ ಹೋಯಿತು.

ಕೋಣೆ ತೆರೆಯುವ ದಿನ ಬಾಗಿಲಿಗೆ ಚೆಂಡುಹೂವಿನ ಸರ. ಬಂಡೆಮ್ಮ ಮಗಳಿಗೆ ಎಣ್ಣೆ ಹಚ್ಚಿ ಎರೆದು, ಎರಡು ಜುಟ್ಟು ಹಾಕಿ, ಗಲ್ಲಕ್ಕೆ ಕಪ್ಪು ಬೊಟ್ಟಿಟ್ಟು ಕರೆತಂದಳು. ಮೊಣಕಾಲೆತ್ತರದ ಗೂಡಿನಲ್ಲಿ ಶಿವಗಂಗಾ ತಾನೇ ಚಪ್ಪಲಿ ಇಟ್ಟಳು. ಸರಿಯಾಗಿ ನಿಲುಕಿತು.

“ಅರೆ, ನಮ್ಮ ಅಳತಿ ಬೊಂಬಿ!” ರಶ್ಮಿ ಅವಳ ಗಲ್ಲ ಹಿಂಡಿದಳು.

“ಬಿಟ್ಟು ಹೋಗ್ಲೇನ್ರಿ ಮೇಡಮ್ಮ? ಸಂಜಿಗಿ ಬರ್ತೀನ್ರಿ.”

ರಶ್ಮಿಯ ಕೈ ಹಿಂದೆ ಸರಿಯಿತು. “ಇದು ಫ್ಲ್ಯಾಟಿನವ್ರಿಗಮ್ಮ. ನಿನಗ ಯಾರು ಹೇಳಿದ್ರು?”

ಬಂಡೆಮ್ಮ ಹುಸೇನಪ್ಪನತ್ತ ತಿರುಗಿದಳು. ಅವನ ಕೈಯ ಸ್ಪಂಜಿನಿಂದ ನೀರು ಹೊಸ ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು.

“ತಂಗಿ... ನಾ ಚಾಷ್ಟಿಗಿ ಅಂದಿದ್ದೆ.”

ಬಂಡೆಮ್ಮ ಇಲ್ಲದ ಕನ್ನಡಕವನ್ನು ಮೆಲ್ಲಗೆ ಮೂಗಿನ ಮೇಲೇರಿಸಿದಳು.

“ಕೂಲಿ ಮಂದಿ ಮಕ್ಕಳಿಗೇ ಅಲ್ಲೇನ್ರಿ ಮತ್ತ!”

ಅವನಿಗಿಂತ ಚೆನ್ನಾಗಿ ಬಂತು. ಅಂದವಳೇ ನಗತೊಡಗಿದಳು. ಹೊಟ್ಟೆ ಹಿಡಿದು, ಬಾಗಿಲ ಚೌಕಟ್ಟಿಗೆ ಆತು ನಕ್ಕಳು. ಅವಳ ನಗುವಿಗೆ ಬೆದರಿ ಉಳಿದವರೂ ನಕ್ಕರು. ಅವಳು ನಗುತ್ತಲೇ ಗೂಡಿನಿಂದ ಚಪ್ಪಲಿ ತೆಗೆದುಕೊಂಡು, ಮಗಳನ್ನು ಎತ್ತಿಕೊಂಡು ಹೋದಳು.

ಸಣ್ಣ ಕಿಟಕಿಯ ಮುಂದೆ ಅವನು ಮೊಣಕಾಲೂರಿ ಗಾಜು ಒರೆಸಿದ. ಆಚೆಯ ಟವರಿನಲ್ಲಿ ಬಂಡೆಮ್ಮ ಸೀರೆಯ ಗಂಟನ್ನು ಎರಡೆರಡು ಸಲ ಎಳೆದು ನೋಡಿ ಬುಟ್ಟಿ ಎತ್ತಿದಳು. ಶಿವಗಂಗಾ ಕಂಬಕ್ಕೆ ಬೆನ್ನು ಹಚ್ಚಿ, ಹಿಮ್ಮಡಿ ಕೂಡಿಸಿ, ಗದ್ದ ಎತ್ತಿ, ಕದಲದೆ ನಿಂತಳು.