ಪುಟದ ಬುಡದಲ್ಲಿ

ಶಿಕಾರಿಪುರದಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರ ಮಾಡುವ ಕಂಪನಿಯೊಂದರಲ್ಲಿ ಗಿರಾಕಿಗಳ ಫೋನ್ ಎತ್ತುವ ಕೆಲಸಕ್ಕೆ ಸೇರಿದ ಅರ್ಚಿತಾಗೆ ಮ್ಯಾನೇಜರ್ ನಿರಂಜನ ಮೊದಲ ದಿನವೇ ಹೇಳಿದ್ದ: ಯಾರು ಏನು ಕೇಳಿದರೂ ಕಂಪನಿಯ ವಿಕಿ ನೋಡಿ ಹೇಳು, ಸ್ವಂತ ಬುದ್ಧಿ ಓಡಿಸಬೇಡ. ವಿಕಿ ಅಂದರೆ ಮತ್ತೇನಲ್ಲ, ಕೆಲಸ ಬಲ್ಲವರು ತಮಗೆ ಗೊತ್ತಿದ್ದನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟ ಪುಟಗಳು. ಎಡಗಡೆ ಯಂತ್ರಗಳ ಹೆಸರು, ನಡುವೆ ರಿಪೇರಿಯ ವಿವರ, ಮೇಲೊಂದು ‘ತಿದ್ದಿ’ ಎಂಬ ಗುಂಡಿ. ಇಷ್ಟೇ ತಾನೇ ಅಂದುಕೊಂಡಳು, ಪಾಪ!

ಸುಗ್ಗಿಯ ನಡುವೆ ಕುಬಟೂರಿನ ಹೂವಮ್ಮ ಫೋನ್ ಮಾಡಿ, ಹೊಸ ಯಂತ್ರದ ಬೆಲ್ಟು ಜಾರುತ್ತದೆ ಅಂದಳು. ಪುಟದಲ್ಲಿ ‘ಬೋಲ್ಟು ಬಿಗಿ ಮಾಡಿ’ ಅಂತಿತ್ತು. ಅರ್ಚಿತಾ ಅದನ್ನೇ ಓದಿ ಹೇಳಿದಳು. ಮಧ್ಯಾಹ್ನದೊಳಗೆ ಬೇರಿಂಗ್ ಒಡೆದು ಯಂತ್ರ ಕೂತೇಬಿಟ್ಟಿತು. ಹೂವಮ್ಮ ಬಾಯಿಗೆ ಬಂದಂತೆ ಬೈದಳು. ನಿರಂಜನ ಬೈಯಲಿಲ್ಲ, “ಇನ್ನೊಂದ್ಸಲ ಹಿಂಗಾದ್ರೆ ನಿನ್ನ ಕೆಲಸ ಖಾಯಂ ಮಾಡೋದು ಕಷ್ಟ” ಎಂದಷ್ಟೇ ಅಂದ. ಬೈದಿದ್ದರೇ ವಾಸಿಯಿತ್ತು.

ಸಿಟ್ಟಿನಲ್ಲಿ ಅವಳು ಆ ಪುಟವನ್ನು ಕೆಳಗೆ, ಇನ್ನೂ ಕೆಳಗೆ ಎಳೆದಳು. ವಿವರ ಮುಗಿದು, ಚಿತ್ರಗಳು ಮುಗಿದು, ಖಾಲಿ ಜಾಗವೂ ದಾಟಿದ ಮೇಲೆ ‘ಟಿಪ್ಪಣಿಗಳು’ ಎಂದಿತ್ತು. ‘ಸರ್, ಹೊಸ ಯಂತ್ರದಲ್ಲಿ ಬೆಲ್ಟು ಬಿಗಿಯಾಗಿಡಲು ಸ್ಪ್ರಿಂಗ್ ಇದೆ, ಬೋಲ್ಟು ಮುಟ್ಟಬಾರದು, ದಯವಿಟ್ಟು ಗಮನಿಸಿ.’ ಬರೆದವನು ಮೆಕ್ಯಾನಿಕ್ ನಾಗೇಶ. ಅದರ ಕೆಳಗೆ ಲೋಕಪ್ಪ, ಅವನ ಕೆಳಗೆ ಇನ್ನೂ ಕೆಲವರು. ಎಲ್ಲರದ್ದೂ ಅದೇ ಮಾತು, ಎಲ್ಲರದ್ದೂ ‘ಸರ್’ ಅಂತಲೇ ಶುರು.

“ಅಲ್ಲಾ, ಗೊತ್ತಿದ್ದೂ ಮೇಲಿನ ಸಾಲು ಯಾಕ್ರೀ ತಿದ್ಲಿಲ್ಲ?” ಎಂದು ಅವಳು ನಾಗೇಶನನ್ನು ತರಾಟೆಗೆ ತೆಗೆದುಕೊಂಡಳು.

ಅವನು ನಾಲಿಗೆ ಕಚ್ಚಿಕೊಂಡ. “ಮಲ್ಲೇಶಪ್ಪನೋರು ಬರೆದ ಪುಟ ಅದು. ನಂಗೆ ಸ್ಪಾನರ್ ಹಿಡಿಯೋದು ಕಲಿಸಿದೋರು. ಅವ್ರು ಬರೆದಿದ್ದಕ್ಕೆ ನಾನು ಗೀಟು ಎಳೀಲಾ? ಬುಡದಾಗೆ ಬರೆದೀವಿ, ಅವ್ರೇ ನೋಡಿ ಸರಿ ಮಾಡ್ತಾರೆ ಅಂತ.”

ಮಲ್ಲೇಶಪ್ಪನವರು ಈಗ ಕಂಪನಿಯ ಸೊರಬದ ಶೋರೂಮಿನಲ್ಲಿದ್ದರು. ಮರುದಿನ ಅರ್ಚಿತಾ ಸೊರಬದ ಬಸ್ಸು ಹತ್ತಿದಳು. ಕೇಳದೆ ತಿದ್ದಲು ಅವಳಿಗೂ ಧೈರ್ಯವಿರಲಿಲ್ಲ. ತಿದ್ದದಿದ್ದರೆ ಇನ್ನೊಬ್ಬಳು ಹೂವಮ್ಮ, ಆಮೇಲೆ ಮನೆಗೆ ದಾರಿ. ಮುಂಗೋಪಿ ಮನುಷ್ಯ ಎಂದು ಎಲ್ಲರೂ ಹೆದರಿಸಿ ಕಳಿಸಿದ್ದರು, ಪುಣ್ಯಾತ್ಮರು.

“ಸರ್, ನಿಮ್ಮ ಪುಟದಲ್ಲಿ ಒಂದು ತಪ್ಪಿದೆ” ಎಂದಳು, ಶೋರೂಮಿನಲ್ಲಿ ಅವರೆದುರು ನಿಂತು.

“ಬೋಲ್ಟಿನ ವಿಷ್ಯ ಅಲ್ಲೇನು? ನಂಗೊತ್ತೈತಿ” ಎಂದರು ಮಲ್ಲೇಶಪ್ಪ.

ಅರ್ಚಿತಾಳ ಮೈಯೆಲ್ಲ ಉರಿದುಹೋಯಿತು. “ಗೊತ್ತಿದ್ದೂ ಸುಮ್ನಿದ್ರಾ? ಅಲ್ಲಿ ಹೂವಮ್ಮನ ಜೋಳ ಕಣದಲ್ಲೇ ಬಿದ್ದಿದೆ!”

“ಯಾರಿಗಂತ ತಿದ್ಲವ್ವ?” ಅವರ ದನಿ ಏರಲಿಲ್ಲ. “ಅಷ್ಟು ಕಷ್ಟಪಟ್ಟು ಬರೆದೆ. ಒಬ್ರೂ ಒಂದಕ್ಷರ ಮುಟ್ಲಿಲ್ಲ, ಚಲೋ ಐತಿ ಅನ್ಲಿಲ್ಲ, ತಪ್ಪೈತಿ ಅನ್ಲಿಲ್ಲ. ಯಾರೂ ಓದಂಗಿಲ್ಲ ಅಂತ ನಾನೂ ಆ ಕಡೆ ತಲೆ ಹಾಕೋದು ಬಿಟ್ಟೆ.”

ಅರ್ಚಿತಾ ಮೊಬೈಲಿನಲ್ಲಿ ಪುಟ ತೆರೆದು, ಬೆರಳಿನಿಂದ ಕೆಳಗೆಳೆದು ಅವರ ಮುಂದೆ ಹಿಡಿದಳು. ಚಿತ್ರಗಳಿಗೇ ಪುಟ ಮುಗಿಯಿತು ಎಂದುಕೊಂಡಿದ್ದ ಮನುಷ್ಯ ಕನ್ನಡಕ ಏರಿಸಿ ಓದತೊಡಗಿದರು. ನಾಗೇಶ. ಲೋಕಪ್ಪ. ಒಂದೊಂದು ಹೆಸರನ್ನೂ ತುಟಿಯಲ್ಲೇ ಹೇಳಿಕೊಂಡರು. ಓದಿ ಮುಗಿದರೂ ಮೊಬೈಲು ವಾಪಸ್ ಕೊಡಲಿಲ್ಲ. ಅವರ ಕಣ್ಣು ತುಂಬಿದ್ದು ಕಂಡು ಅರ್ಚಿತಾಗೆ ಸಂಕಟವಾಯಿತು.

“ಇಷ್ಟು ಜನ ಓದ್ಯಾರಲ್ಲ” ಎಂದರು. “ಒಬ್ಬನಾದ್ರೂ ಎದುರಿಗೆ ಬಂದು ಬೈದಿದ್ರೆ ಆಗ್ತಿತ್ತಲ್ಲವ್ವ.”

ಆಮೇಲೆ ಮೊಬೈಲು ಅವಳ ಕೈಗಿಟ್ಟರು. “ನೀನೇ ಅಳಿಸು. ನಾನು ನೋಡ್ತೀನಿ.”

ಅವಳು ಅವರ ಪಕ್ಕದಲ್ಲಿ ಕೂತು, ಅವರು ನೋಡುತ್ತಿದ್ದಂತೆಯೇ ‘ಬೋಲ್ಟು ಬಿಗಿ ಮಾಡಿ’ ಎಂಬ ಸಾಲನ್ನು ಅಳಿಸಿದಳು.